ಕ್ಯಾಲಿಫೋರ್ನಿಯಾದಲ್ಲಿ ಮನೆಯವರ ಮೇಲೆ ಕೇಸ್ ಆದಾಗ: 'ಕಾಂಪಿಟೆನ್ಸಿ' ಕೇಳುವ ಮುನ್ನ

ಅರೆಸ್ಟ್ ಆದ ಕೂಡಲೇ ವಕೀಲರನ್ನು ಹಿಡಿಯಬೇಕು, ಪೊಲೀಸರ ಮುಂದೆ ಬಾಯಿ ಬಿಡಬಾರದು. ಇದೆಲ್ಲ ನಿಮಗೆ ಗೊತ್ತಿರುವುದೇ. ಅರೆಸ್ಟ್ ಆದವರಿಗೆ ಮೊದಲಿನಿಂದ ಮಾನಸಿಕ ಕಾಯಿಲೆ ಇದ್ದರೆ ಏನು ಮಾಡಬೇಕು ಅನ್ನುವುದರಲ್ಲೇ ನಮ್ಮ ಜನ ಎಡವುವುದು. "ನಿಮ್ಹಾನ್ಸ್ ಫೈಲ್ ಇದೆ, ಜಡ್ಜ್‌ಗೆ ತೋರಿಸಿದರೆ ಬಿಟ್ಟುಬಿಡ್ತಾರೆ" ಎಂದು ನಾವೂ ನಂಬಿದ್ದೆವು. ಹೊಸದಾಗಿ ಬಂದವರ ಬಾಯಲ್ಲೂ ಈಗ ಅದೇ ಮಾತು.

ಇಲ್ಲಿ ಎರಡು ಪ್ರಶ್ನೆಗಳಿವೆ. ಕೃತ್ಯ ನಡೆದ ಹೊತ್ತಿನಲ್ಲಿ ಮನಸ್ಸಿನ ಸ್ಥಿತಿ ಹೇಗಿತ್ತು ಅನ್ನುವುದು ಇನ್‌ಸ್ಯಾನಿಟಿ. ಇವತ್ತು ತನ್ನ ಮೇಲಿನ ಆರೋಪ ಅರ್ಥವಾಗುತ್ತದೆಯೇ, ವಕೀಲರ ಜೊತೆ ಕೂತು ವಿವೇಚನೆಯಿಂದ ಮಾತಾಡಲು ಆಗುತ್ತದೆಯೇ ಅನ್ನುವುದು ಕಾಂಪಿಟೆನ್ಸಿ. ಅಲ್ಲಿನ ಸುಪ್ರೀಂ ಕೋರ್ಟಿನ 1960ರ ಡಸ್ಕಿ ತೀರ್ಪಿನಿಂದ ಅಮೆರಿಕದಾದ್ಯಂತ ಇದೇ ಅಳತೆ. ಸ್ಕಿಜೋಫ್ರೇನಿಯಾ ಇದ್ದೂ ಇದರಲ್ಲಿ ಪಾಸಾಗುವವರಿದ್ದಾರೆ.

ಎಚ್ಚರ ಬೇಕಾಗಿರುವುದು ಮುಂದಿನ ಹೆಜ್ಜೆಯಲ್ಲಿ. ಕ್ಯಾಲಿಫೋರ್ನಿಯಾದ ಪೀನಲ್ ಕೋಡ್ (ದಂಡ ಸಂಹಿತೆ) 1368ರಡಿ ವಕೀಲರು ಆರೋಪಿಯ ಕಾಂಪಿಟೆನ್ಸಿ ಬಗ್ಗೆ ಸಂಶಯ ಎತ್ತಿ, ಜಡ್ಜ್ ಅದನ್ನು ಒಪ್ಪಿದರೆ ಕೇಸ್ ನಿಲ್ಲುತ್ತದೆ. ನಿಲ್ಲುತ್ತದೆ ಅಷ್ಟೇ, ಮುಗಿಯುವುದಿಲ್ಲ. ಫೆಲನಿ (ಗಂಭೀರ ಅಪರಾಧ) ಕೇಸಿನಲ್ಲಿ ಅಸಮರ್ಥ ಎಂದು ತೀರ್ಮಾನವಾದರೆ ಸಾಮಾನ್ಯವಾಗಿ ನಾಪಾ, ಪ್ಯಾಟನ್‌ನಂಥ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿನ ಚಿಕಿತ್ಸೆ ಮನೆಗೆ ಕಳಿಸಲಿಕ್ಕಲ್ಲ, ವಿಚಾರಣೆಗೆ ತಯಾರು ಮಾಡಲಿಕ್ಕೆ. ಇದಕ್ಕೆ ಗರಿಷ್ಠ 2 ವರ್ಷ. ಹಾಸಿಗೆ ಸಿಗುವ ತನಕ ಕಾಯಬೇಕಾದದ್ದು ಜೈಲಿನಲ್ಲೇ. ಈ ಕಾಯುವಿಕೆ ಎಷ್ಟು ಅತಿಯಾಗಿತ್ತೆಂದರೆ, 28 ದಿನದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಆದೇಶವನ್ನು 2021ರಲ್ಲಿ ಮೇಲ್ಮನವಿ ಕೋರ್ಟ್ ಎತ್ತಿಹಿಡಿಯಬೇಕಾಯಿತು. ನನಗೆ ಗೊತ್ತಿರುವ ಒಂದು ಮನೆಯವರು, ವಕೀಲರು ಬೇಡ ಬೇಡವೆಂದರೂ ಅವರನ್ನು ಒತ್ತಾಯಿಸಿ ಸಂಶಯ ಎತ್ತಿಸಿದರು. ಬೇಗ ಇತ್ಯರ್ಥವಾಗಬಹುದಾಗಿದ್ದ ಕೇಸಿಗೆ ಹುಡುಗ ತಿಂಗಳುಗಟ್ಟಲೆ ಒಳಗಿದ್ದ. ಗುಣವಾಗಿ ಬಂದ ಮೇಲೆ ಕೇಸ್ ನಿಂತಲ್ಲಿಂದಲೇ ಮತ್ತೆ ಶುರು.

ಹಾಗಾಗಿ ವಕೀಲರನ್ನು ಮೊದಲು ಕೇಳಬೇಕಾದ್ದು ಪೀನಲ್ ಕೋಡ್ 1001.36ರ ಡೈವರ್ಷನ್, ಅಂದರೆ ಶಿಕ್ಷೆಯ ದಾರಿ ಬಿಟ್ಟು ಚಿಕಿತ್ಸೆಗೆ ಕಳಿಸುವ ವ್ಯವಸ್ಥೆಯ ಬಗ್ಗೆ. 2018ರಲ್ಲಿ ಬಂದ ಈ ಕಾನೂನಿನಲ್ಲಿ ತಪ್ಪೊಪ್ಪಿಕೊಳ್ಳಬೇಕಿಲ್ಲ. ಚಿಕಿತ್ಸೆಯನ್ನು ಸರಿಯಾಗಿ ಮುಗಿಸಿದರೆ ಆರೋಪವೇ ವಜಾ. ಕೊಲೆ, ಅತ್ಯಾಚಾರದಂಥವಕ್ಕೆ ಇದು ಸಿಗುವುದಿಲ್ಲ. ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೆ ತಪ್ಪೊಪ್ಪಿಗೆ ಗಡೀಪಾರಿನ ತನಕ ಹೋಗಬಹುದು. ಅದನ್ನು ಮೊದಲೇ ತಿಳಿಸುವುದು ವಕೀಲರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಪಡೀಯಾ (Padilla) ತೀರ್ಪು ಹೇಳಿದೆ. ಅವರು ಹೇಳದಿದ್ದರೆ ನೀವೇ ಕೇಳಿ.

ಕಾಂಪಿಟೆನ್ಸಿ ಪರೀಕ್ಷೆಗೆ ಬರುವ ಸೈಕಾಲಜಿಸ್ಟ್, ಜಡ್ಜ್ ಏನು ಮಾಡುತ್ತಾರೆ, ಪ್ರಾಸಿಕ್ಯೂಟರ್ ಯಾರ ಕಡೆ, ಜ್ಯೂರಿ ಅಂದರೆ ಯಾರು ಎಂದೆಲ್ಲ ಕೇಳುತ್ತಾರೆ. ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಗೊತ್ತಿಲ್ಲದಿದ್ದರೆ ಅದು ಕಾಯಿಲೆಯಲ್ಲ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಇದನ್ನು ವಕೀಲರ ಮೂಲಕ ಮುಂಚೆಯೇ ತಿಳಿಸಿ. ಆದರೆ ಜೈಲಿನ ಫೋನಿನಲ್ಲಿ "ಏನ್ ಕೇಳಿದ್ರೂ ಗೊತ್ತಿಲ್ಲ ಅನ್ನು" ಎಂದು ದಯವಿಟ್ಟು ಹೇಳಿಕೊಡಬೇಡಿ. ಆ ಕರೆಗಳು ರೆಕಾರ್ಡ್ ಆಗುತ್ತವೆ, ನಟನೆ ಪತ್ತೆ ಮಾಡುವ ಪರೀಕ್ಷೆಗಳೂ ಇವೆ. ನಿಜವಾದ ಕಾಯಿಲೆಯೂ ಆಮೇಲೆ ನಾಟಕವಾಗಿ ಕಾಣುತ್ತದೆ. ಭಾಷೆಯ ತೊಡಕಿದ್ದರೆ ಕೋರ್ಟ್ ಕಡೆಯಿಂದಲೇ ಕನ್ನಡ ದುಭಾಷಿಯನ್ನು ಕೇಳಿ, ಭಾವನನ್ನೋ ಚಿಕ್ಕಪ್ಪನನ್ನೋ ಕೂರಿಸಬೇಡಿ.

ಒಂದು ವಿಷಯದಲ್ಲಿ ನಮ್ಮ ದೇಶದ ಕಾನೂನೇ ಮೇಲು ಅನ್ನುತ್ತೇನೆ. ಒಳರೋಗಿಯಾಗಿ ಇರಬೇಕಾದ ಅಗತ್ಯವಿಲ್ಲದಿದ್ದರೆ, ಹೊರರೋಗಿ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಬಂಧುವೋ ಸ್ನೇಹಿತರೋ ಹೊತ್ತಾಗ ಬೇಲ್ ಕೊಡಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 369ರಲ್ಲಿ ದಾರಿಯಿದೆ. ಇಲ್ಲಿ ಮನೆಯವರು ಹೊರಗಿನವರು. ಆದರೆ ಅಸ್ಸಾಂನಲ್ಲಿ ಒಬ್ಬರು ವಿಚಾರಣೆಯೇ ಇಲ್ಲದೆ ಅರ್ಧ ಶತಮಾನ ಒಳಗಿದ್ದು 2005ರಲ್ಲಿ ಹೊರಬಂದರು. ಗುಣವಾಗುವ ಭರವಸೆಯಿಲ್ಲದವರನ್ನು ವಿಚಾರಣೆಯ ನೆಪದಲ್ಲಿ ಕೊನೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತ್ತು.

ಇನ್ನು ನಿಮ್ಹಾನ್ಸ್ ಫೈಲ್. ಅದು ವಕೀಲರ ಕೈಗೆ ಮಾತ್ರ ಹೋಗಲಿ. ಖಾಸಗಿ ತಜ್ಞರು ಬೇಕಿದ್ದರೂ ವಕೀಲರ ಮೂಲಕವೇ ನೇಮಿಸಿ, ವರದಿಗೆ ಗೌಪ್ಯತೆಯ ರಕ್ಷಣೆ ಸಿಗುವುದು ಹಾಗೆ. ಮಾತ್ರೆಗಳ ಪಟ್ಟಿಯಲ್ಲಿ ನಮ್ಮೂರಿನ ಬ್ರ್ಯಾಂಡ್ ಹೆಸರಿನ ಪಕ್ಕ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಬರೆದುಕೊಡಿ. ಬ್ರ್ಯಾಂಡ್ ಹೆಸರೊಂದೇ ಇದ್ದರೆ ಜೈಲಿನ ಡಾಕ್ಟರಿಗೆ ಅದು ಯಾವ ಮಾತ್ರೆಯೆಂದು ತಿಳಿಯದೆ ಹೋಗಬಹುದು.