ಪಂಪ್ ಕರ್ವ್ ಓದುವುದು ಹೇಗೆ?

ಅಂಗಡಿಗೆ ಹೋಗಿ ‘ಐದು ಎಚ್‌ಪಿ ಪಂಪ್ ಕೊಡಿ’ ಎಂದರೆ ಮೋಟರಿನ ಬಲ ಹೇಳಿದಂತಾಯಿತೇ ಹೊರತು ನೀರಿನ ಲೆಕ್ಕ ಹೇಳಿದಂತಾಗಲಿಲ್ಲ. ಅದೇ ಐದು ಎಚ್‌ಪಿಯಲ್ಲಿ ಸ್ವಲ್ಪ ನೀರನ್ನು ತುಂಬಾ ಎತ್ತರಕ್ಕೆ ತಳ್ಳುವ ಪಂಪ್ ಇದೆ, ಕಡಿಮೆ ಎತ್ತರಕ್ಕೆ ಧಾರಾಳವಾಗಿ ಸುರಿಯುವುದೂ ಇದೆ. ನಿಮಗೆ ಯಾವುದು ಬೇಕೆಂದು ಹೇಳುವುದು ಕಂಪನಿಯ ಕರ್ವ್ ಹಾಳೆ. ದುಡ್ಡು ಕೊಡುವ ಮೊದಲೇ ಅದನ್ನು ಕೇಳಿ ಪಡೆಯಿರಿ.

ಹಾಳೆಯ ಕೆಳಗಡೆ ಅಡ್ಡಕ್ಕೆ ಡಿಸ್ಚಾರ್ಜ್ ಇರುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಎಂದು. ಎಡಗಡೆ ನೇರಕ್ಕೆ ಹೆಡ್, ಅಂದರೆ ಪಂಪ್ ನೀರನ್ನು ತಳ್ಳಬಲ್ಲ ಎತ್ತರ, ಮೀಟರಿನಲ್ಲಿ. ಅಂಗಡಿಯವರು ಅಡಿಯಲ್ಲಿ ಮಾತಾಡಿದರೆ 3.28ರಿಂದ ಭಾಗಿಸಿಕೊಳ್ಳಿ. ಎಡದಿಂದ ಬಲಕ್ಕೆ ಇಳಿಯುವ ಗೆರೆ ಹೆಡ್‌ನದು, ಗುಡ್ಡದ ಹಾಗೆ ಏರಿ ಇಳಿಯುವುದು ದಕ್ಷತೆಯದು, ಬಲಕ್ಕೆ ಹೋದಂತೆ ಏರುವುದು ಪವರ್‌ನದು.

ನಿಮ್ಮ ಗೆರೆ ನೀವೇ ಎಳೆಯಿರಿ

ಕಂಪನಿ ಕೊಡುವುದು ಪಂಪಿನ ಗೆರೆ ಮಾತ್ರ. ನಿಮ್ಮ ಬಾವಿ, ನಿಮ್ಮ ಪೈಪಿನ ಗೆರೆ ಅದರಲ್ಲಿರುವುದಿಲ್ಲ. ಒಂದು ತೆರೆದ ಬಾವಿ ತೆಗೆದುಕೊಳ್ಳೋಣ. ಬೇಸಿಗೆಯಲ್ಲಿ ನೀರು ಪಂಪಿನಿಂದ 5 ಮೀಟರ್ ಕೆಳಗೆ, ತೊಟ್ಟಿ 15 ಮೀಟರ್ ಮೇಲೆ. ನಡುವೆ 200 ಮೀಟರ್ ಪಿವಿಸಿ ಪೈಪು, 75 ಮಿ.ಮೀ., ಅಂದರೆ ಎರಡೂವರೆ ಇಂಚು.

ನೀರು ಹರಿಯದಿದ್ದರೂ ಗೆಲ್ಲಲೇಬೇಕಾದ ಎತ್ತರ 20 ಮೀಟರ್. ಸೆಕೆಂಡಿಗೆ 6 ಲೀಟರ್ ಹರಿದರೆ ಪೈಪಿನ ಘರ್ಷಣೆಗೆ ಹೋಗುವ ಹೆಡ್ 100 ಮೀಟರಿಗೆ ಸುಮಾರು 3.2 ಮೀಟರ್, ಒಟ್ಟು 6.4. ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ತುದಿಯ ವಾಲ್ವ್), ಬೆಂಡ್‌ಗಳಿಗೆ ಒಂದೂವರೆ ಮೀಟರ್ ಸೇರಿಸಿ, ಸುಮಾರು 8 ಎನ್ನಿ. ಅಲ್ಲಿಗೆ 28 ಮೀಟರ್. ಹರಿವು ದುಪ್ಪಟ್ಟಾದರೆ ಘರ್ಷಣೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 3 ಲೀಟರಿಗೆ 22 ಮೀಟರ್, 8 ಲೀಟರಿಗೆ 34 ಮೀಟರ್. ಈ ಚುಕ್ಕಿಗಳನ್ನು ಅದೇ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಇಟ್ಟು ಜೋಡಿಸಿ.

ಪಂಪಿನ ಗೆರೆ 0 ಲೀಟರಿಗೆ 38, 6ಕ್ಕೆ 32, 8ಕ್ಕೆ 28 ಮೀಟರ್ ತೋರಿಸುತ್ತಿದೆ ಎನ್ನೋಣ. ಎರಡೂ ಗೆರೆ ಕೂಡುವುದು ಸುಮಾರು 7 ಲೀಟರ್, 30 ಮೀಟರಿನಲ್ಲಿ. ಪಂಪ್ ಓಡುವುದು ಅಲ್ಲೇ, ನೇಮ್‌ಪ್ಲೇಟಿನಲ್ಲಿ ಏನೇ ಬರೆದಿರಲಿ. ದುಡ್ಡು ಉಳಿಸಲು ಎರಡಿಂಚಿನ, ಅಂದರೆ 63 ಮಿ.ಮೀ. ಪೈಪು ಹಾಕಿದರೆ ಅದೇ ಪಂಪ್ ಸುಮಾರು 5.3 ಲೀಟರಿಗೆ ಇಳಿಯುತ್ತದೆ. ನಿಮಿಷಕ್ಕೆ ನೂರು ಲೀಟರ್ ಹೋಯಿತು!

ಮೋಟರ್ ಸಾಕೇ ಎಂದು ನೋಡಲು 7 ಲೀಟರ್, 30 ಮೀಟರ್ ಮತ್ತು ಗುರುತ್ವದ 9.81 ಗುಣಿಸಿ 1000ದಿಂದ ಭಾಗಿಸಿ: 2.06 ಕಿಲೋವಾಟ್. ಆ ಜಾಗದಲ್ಲಿ ಪಂಪಿನ ದಕ್ಷತೆ ಶೇ 60 ಇದ್ದರೆ ಬೇಕಾಗುವುದು 3.4 ಕಿಲೋವಾಟ್, ಅಂದರೆ 4.6 ಎಚ್‌ಪಿ. ಐದು ಎಚ್‌ಪಿ ಸಾಕು. ಗೆರೆಗಳು ಕೂಡುವ ಜಾಗ ದಕ್ಷತೆಯ ಗುಡ್ಡದ ನೆತ್ತಿಯ ಆಸುಪಾಸಿನಲ್ಲಿರಲಿ.

ಮೋಟರ್ ಸುಡುವುದು ಯಾಕೆ

‘ಇರಲಿ’ ಎಂದು ಹೆಚ್ಚು ಹೆಡ್ಡಿನ ಪಂಪ್ ತಂದು ಕಡಿಮೆ ಎತ್ತರಕ್ಕೆ ಓಡಿಸುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ ತಪ್ಪು. ತಡೆ ಕಡಿಮೆಯಾದಾಗ ಪಂಪ್ ಬಲಕ್ಕೆ ಜಾರುತ್ತದೆ, ನೀರು ಹೆಚ್ಚುತ್ತದೆ, ಪವರ್ ಗೆರೆಯೂ ಏರುತ್ತದೆ. ಆಂಪಿಯರ್ ಮಿತಿ ಮೀರಿ ವೈಂಡಿಂಗ್ ಸುಡುತ್ತದೆ. ಆಗ ಡೆಲಿವರಿ (ನೀರು ಹೊರಹೋಗುವ) ಕಡೆಯ ಗೇಟ್‌ವಾಲ್ವನ್ನು ಸ್ವಲ್ಪ ಮುಚ್ಚಿ. ಆಂಪಿಯರ್ ಇಳಿಯುವುದನ್ನು ಮೀಟರಿನಲ್ಲೇ ಕಾಣಬಹುದು. ಸಕ್ಷನ್ (ನೀರು ಎಳೆಯುವ) ಕಡೆಯ ವಾಲ್ವನ್ನು ಮಾತ್ರ ಈ ಕೆಲಸಕ್ಕೆ ಎಂದೂ ಮುಟ್ಟಬೇಡಿ.

ಪಂಪಿನಲ್ಲಿ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ಚಕ್ರದ) ಬಾಯಲ್ಲಿ ನೀರು ಆವಿಗುಳ್ಳೆಯಾಗಿ ಒಡೆಯುತ್ತಿದೆ ಎಂದರ್ಥ. ಬಾವಿಯ ನೀರನ್ನು ಪಂಪಿನವರೆಗೆ ತಳ್ಳುವುದು ಗಾಳಿಯ ಒತ್ತಡ; ಅದು ಸಾಲದಾದಾಗ ಹೀಗಾಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ. ಬೆಂಗಳೂರಿನ ಎತ್ತರದಲ್ಲಿ ಒಂದು ಮೀಟರಿನಷ್ಟು ಕಡಿಮೆ. ಬಯಲುಸೀಮೆಯವರು ಪಂಪನ್ನು ನೀರಿಗೆ ಇನ್ನಷ್ಟು ಹತ್ತಿರ ಇಳಿಸಬೇಕಾಗುವುದು ಇದಕ್ಕೇ.

ಕೂರಿಸಿದ ಮೇಲೆ

200 ಲೀಟರ್ ಡ್ರಮ್ಮನ್ನು ತೊಟ್ಟಿಯ ಬಳಿ ಇಟ್ಟು ಗಡಿಯಾರ ಹಿಡಿಯಿರಿ. 29 ಸೆಕೆಂಡಿಗೆ ತುಂಬಿದರೆ 7 ಲೀಟರ್ ಬರುತ್ತಿದೆ. ತಡವಾದರೆ ಡೆಲಿವರಿ ಪೈಪಿಗೆ, ಪಂಪಿನ ಹತ್ತಿರವೇ, ಪ್ರೆಶರ್ ಗೇಜ್ ಹಾಕಿಸಿ ಗೇಟ್‌ವಾಲ್ವನ್ನು ಅರೆ ನಿಮಿಷ ಪೂರ್ತಿ ಮುಚ್ಚಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಒಳಗಿನ ನೀರು ಕಾಯುತ್ತದೆ. ಗೇಜಿನ 1 ಕೆ.ಜಿ. ಎಂದರೆ 10 ಮೀಟರ್. ವಾಲ್ವ್ ಮುಚ್ಚಿದಾಗ ಹರಿವು 0, ಹಾಗಾಗಿ ನಮ್ಮ ಪಂಪಿನ 38ರಲ್ಲಿ ಬಾವಿಯ 5 ಕಳೆದು ಮುಳ್ಳು 3.3ರ ಹತ್ತಿರ ನಿಲ್ಲಬೇಕು. ನಿಂತರೆ ಪಂಪ್ ಸರಿಯಿದೆ. ಫುಟ್‌ವಾಲ್ವಿನ ಜಾಲರಿ ಕಟ್ಟಿದೆಯೇ, ಪೈಪು ಎಲ್ಲಾದರೂ ಸೋರುತ್ತಿದೆಯೇ ನೋಡಿ. 2.7ಕ್ಕೇ ನಿಂತರೆ ಇಂಪೆಲ್ಲರ್ ಸವೆದಿರಬಹುದು, ಇಲ್ಲವೇ ತ್ರೀಫೇಸ್ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಉಲ್ಟಾ ತಿರುಗಿದರೂ ನೀರು ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪಂಪಿನ ಮೈಮೇಲಿನ ಬಾಣದ ಗುರುತಿಗೆ ಫ್ಯಾನ್ ತಿರುಗುವ ದಿಕ್ಕನ್ನು ಹೋಲಿಸಿ. ತಪ್ಪಿದ್ದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನಿಂದ ಯಾವುದಾದರೂ ಎರಡು ಫೇಸ್ ವೈರ್ ಅದಲುಬದಲು ಮಾಡಿಸಿ.