ಚಿಪ್ಪು ಕರಗಿಸಿ ಒಳಗಿನ ಹಸಿರು ನೋಡಿದ್ದು

ಸುಣ್ಣದಕಲ್ಲನ್ನು ಕೊರೆದು ಅದರೊಳಗೇ ಬದುಕುವ ಸಯನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ಮಾಡಿಕೊಳ್ಳುವ ನೀಲಿ-ಹಸಿರು ಬ್ಯಾಕ್ಟೀರಿಯಾ) ಸಮುದ್ರದಲ್ಲಿವೆ. ಅವನ್ನು ಬಾಗಲಕೋಟೆಯ ನಮ್ಮ ಬಿಎಸ್ಸಿ ಮಕ್ಕಳಿಗೆ ತೋರಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. ನಮ್ಮಲ್ಲಿ ಸುಣ್ಣದಕಲ್ಲಿಗೆ ಬರವಿಲ್ಲ, ಸಮುದ್ರ ಮಾತ್ರ ದೂರ. ಹಾಗಾಗಿ ಕಾರವಾರದ ದಂಡೆಯಿಂದ ಖಾಲಿ ಚಿಪ್ಪು ತರಿಸಿದೆ. ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ?

ಮಂಕಾದ, ಹಸಿರು ಕಲೆ ಇರುವ ಹಳೇ ಚಿಪ್ಪನ್ನೇ ಆರಿಸಬೇಕು. "ಮೇಡಂ, ಇದು ಪಾಚಿ ಹತ್ತೈತ್ರಿ, ತಿಕ್ಕಿದ್ರ ಹೋಗ್ತೈತಿ" ಅಂದ ಒಬ್ಬ ಹುಡುಗ. ಬ್ರಷ್ ಅವನ ಕೈಗೇ ಕೊಟ್ಟೆ. ಮೇಲಿನದು ಹೋಯಿತು, ಕಲೆ ಹೋಗಲಿಲ್ಲ. ಹಾಗಿದ್ದರೆ ಒಳಗೆ ಏನೋ ಇದೆ ಅಂತಲೇ ಅರ್ಥ.

ಒಂದು ಚೂರನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿದೆವು. ಬುರುಗು ನಿಂತ ಮೇಲೆ ತೆಳು ಪೊರೆ ಉಳಿಯಿತು. ಬೇಗ ಆಗುತ್ತದೆ, ಆದರೆ ಆಸಿಡ್ ಹಸಿರನ್ನು ಕಂದು ಮಾಡಿಬಿಡುತ್ತದೆ. ಬಣ್ಣ ಬೇಕಾದರೆ ಇಡಿಟಿಎ ಎಂಬ ರಾಸಾಯನಿಕ ಮೇಲು. ಅದು ಸುಮ್ನೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪ ಸ್ವಲ್ಪವೇ ಸೇರಿಸಿ ಪಿಎಚ್ 8ರ ಹತ್ತಿರ ತರಬೇಕು. ಆಮೇಲೆ ಆಗಾಗ ದ್ರಾವಣ ಬದಲಿಸುತ್ತಾ ದಿನಗಟ್ಟಲೆ ಕಾಯಬೇಕು.

ಇಡಿಟಿಎಯಲ್ಲಿ ಉಳಿದ ಪೊರೆಯನ್ನು ಸ್ಲೈಡ್ ಮೇಲೆ ಹರಡಿ 400 ಪಟ್ಟಿನಲ್ಲಿ ನೋಡಿದರೆ ನೀಲಿ-ಹಸಿರು ಎಳೆಗಳ ಬಲೆ! ಎಷ್ಟು ಚೆಂದ ಇತ್ತೆಂದರೆ ಹುಡುಗರು ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಚಿಪ್ಪಿನೊಳಗೆ ಆಸ್ಟ್ರಿಯೋಬಿಯಂ ಎಂಬ ಹಸಿರು ಪಾಚಿಯೂ ಇರಬಹುದು, ಅದರ ಎಳೆಯಲ್ಲಿ ಅಡ್ಡಗೋಡೆ ಇರುವುದಿಲ್ಲ. ಬಣ್ಣವಿಲ್ಲದ ಎಳೆ ಇದ್ದರೆ ಅದು ಶಿಲೀಂಧ್ರ ಇರಬಹುದು.

"ಹಂಗಾದ್ರ ಇದೂ ಆಸಿಡ್ ಬಿಟ್ಟು ಕೊರೀತೈತೇನ್ರಿ?" ಎಂದು ಒಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಇವು ಬೆಳಕಿನಲ್ಲಿ ಆಹಾರ ತಯಾರಿಸುವಾಗ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ಸುತ್ತಲಿನ ನೀರಿನ ಪಿಎಚ್ ಏರುತ್ತದೆ, ಅಂದರೆ ಆಮ್ಲತೆ ಇಳಿಯುತ್ತದೆ. ಅಂಥ ನೀರಿನಲ್ಲಿ ಸುಣ್ಣ ಕರಗುವ ಬದಲು ಕಟ್ಟಿಕೊಳ್ಳಬೇಕು! ಈ ಗಂಟನ್ನು 2010ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಗಾರ್ಸಿಯಾ-ಪಿಚೆಲ್ ಮತ್ತು ಸಂಗಡಿಗರು ಬಿಡಿಸಿದರು. ಅವರು ನೋಡಿದ್ದು ಮಾಸ್ಟಿಗೋಕೋಲಿಯಸ್ ಟೆಸ್ಟಾರಂ ಎಂಬ ಜಾತಿಯನ್ನು. ಅದು ಕೊರೆಯುವ ತುದಿಯಲ್ಲಿ ಕ್ಯಾಲ್ಸಿಯಂ ಅನ್ನು ಒಳಗೆಳೆದು, ಜೀವಕೋಶದಿಂದ ಜೀವಕೋಶಕ್ಕೆ ದಾಟಿಸಿ, ದೂರದಲ್ಲಿ ಹೊರಹಾಕುತ್ತದೆ. ತುದಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅಲ್ಲಿನ ಸುಣ್ಣ ಕರಗುತ್ತಾ ಹೋಗುತ್ತದೆ. ಇದಕ್ಕೆ ಶಕ್ತಿ ಎಟಿಪಿಯಿಂದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುವಿನಿಂದ.

ಇಡಿಟಿಎ ಕೂಡ ಕ್ಯಾಲ್ಸಿಯಂ ಅನ್ನು ಹಿಡಿದೆಳೆದೇ ಚಿಪ್ಪು ಕರಗಿಸುವುದು. ಹಾಗಾಗಿ ಈಗ ಚಿಪ್ಪಿಗೆ ಅದನ್ನೇ ಬಳಸುತ್ತೇನೆ. ಆಸಿಡ್ ಬಾಟಲಿ ನಮ್ಮ ಜಿಲ್ಲೆಯ ಲೋಕಾಪುರದ ಸುಣ್ಣದಕಲ್ಲಿನ ಬುರುಗು ಪರೀಕ್ಷೆಗೆ ಮಾತ್ರ.