ಸುಡೊಕು: ಎಲ್ಲವನ್ನೂ ಬರೆದುಕೊಳ್ಳದೆ ಬಿಡಿಸುವ ಕ್ರಮ

ದಿನಪತ್ರಿಕೆಯ ಸುಡೊಕುವನ್ನು ಪೆನ್ಸಿಲ್ ಹಿಡಿದೇ ಬಿಡಿಸುವ ನಾನು, ಪ್ರತಿ ಖಾಲಿ ಮನೆಯಲ್ಲೂ ಬರಬಹುದಾದ ಅಂಕಿಗಳನ್ನೆಲ್ಲ ಮೊದಲೇ ಬರೆದಿಡುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಹಾಗೆ ಬರೆದರೆ ಸಣ್ಣ ಅಂಕಿಗಳ ಗುಂಪಿನಲ್ಲಿ ಕಾಣಬೇಕಾದದ್ದೇ ಕಾಣುವುದಿಲ್ಲ. ಈಗ ನಾನು ಅನುಸರಿಸುವುದು 2007, 2008 ಮತ್ತು 2011ರಲ್ಲಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಥಾಮಸ್ ಸ್ನೈಡರ್ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ಕ್ರಮವನ್ನು. (2008ರ ಸ್ಪರ್ಧೆ ನಡೆದದ್ದು ನಮ್ಮ ನೆರೆಯ ಗೋವಾದಲ್ಲೇ.) 3×3ರ ಒಂದು ಚೌಕದೊಳಗೆ ಯಾವುದಾದರೂ ಅಂಕಿಗೆ ಎರಡೇ ಮನೆಗಳು ಉಳಿದಿದ್ದರೆ ಮಾತ್ರ ಆ ಎರಡರ ಮೂಲೆಯಲ್ಲೂ ಅದನ್ನು ಚಿಕ್ಕದಾಗಿ ಬರೆಯುತ್ತೇನೆ, ಮೂರು ಮನೆಗಳಿದ್ದರೆ ಏನೂ ಬರೆಯದೆ ಮುಂದಿನ ಅಂಕಿಗೆ ಹೋಗುತ್ತೇನೆ.

ಹೆಚ್ಚು ಸಲ ಕೊಟ್ಟಿರುವ ಅಂಕಿಯಿಂದಲೇ ನಾನು ಆರಂಭಿಸುವುದು. ಕೊಟ್ಟ ಅಂಕಿಗಳು ಒಟ್ಟು ಎಷ್ಟು ಎಂದು ಎಣಿಸಿ ಸುಲಭವೋ ಕಷ್ಟವೋ ಎಂದು ಅಳೆಯಲು ಹೋಗುವುದಿಲ್ಲ. ಒಂದೇ ಉತ್ತರವಿರುವ ಸುಡೊಕುವಿಗೆ ಕನಿಷ್ಠ 17 ಅಂಕಿಗಳಾದರೂ ಬೇಕೆಂಬುದು 2012ರಲ್ಲಿ ಕಂಪ್ಯೂಟರ್ ನೆರವಿನಿಂದ ಸಾಬೀತಾಯಿತು. ಆದರೆ 17 ಅಂಕಿಗಳದ್ದು ಸರಾಗವಾಗಿ ಬಿಡಿಸಿಕೊಳ್ಳುವುದೂ ಉಂಟು, 26ರದ್ದು ಸತಾಯಿಸುವುದೂ ಉಂಟು.

ಮಿತವಾಗಿ ಬರೆದ ಗುರುತುಗಳ ಲಾಭ ಎಲ್ಲಿದೆ ಎಂಬುದಕ್ಕೆ ಒಂದು ಸಂದರ್ಭವನ್ನು ನೋಡಬಹುದು. ನಟ್ಟನಡುವಿನ ಚೌಕದಲ್ಲಿ 7 ಬರಬಹುದಾದ ಮನೆಗಳು ಐದನೆಯ ಕಂಬಸಾಲಿನ ಮೇಲಿನದು ಮತ್ತು ಕೆಳಗಿನದು, ಎರಡೇ ಎನ್ನೋಣ. ಅವುಗಳಲ್ಲಿ ಯಾವುದರಲ್ಲಿ ಬಂದರೂ ಆ ಕಂಬಸಾಲಿನ 7 ಈ ಚೌಕದೊಳಗೇ ಮುಗಿಯುವುದರಿಂದ, ಅದರ ಮೇಲಿನ ಮತ್ತು ಕೆಳಗಿನ ಚೌಕಗಳಲ್ಲಿ ಅದೇ ಕಂಬಸಾಲಿನ ಮನೆಗಳಿಂದ 7ನ್ನು ಧೈರ್ಯವಾಗಿ ಹೊಡೆದುಹಾಕಬಹುದು. ಇನ್ನು 2ಕ್ಕೂ ಅದೇ ಎರಡು ಮನೆಗಳು ಉಳಿದಿವೆ ಎಂದಾದರೆ, ಅವು 2 ಮತ್ತು 7ಕ್ಕೇ ಮೀಸಲಾದವು. ಆಗ ಈ ಎರಡು ಮನೆಗಳೂ ಸೇರಿ ಮೂರು ಕಡೆ ಬರಬಹುದಾಗಿದ್ದ 9, ಉಳಿದ ಮೂರನೆಯ ಮನೆಗೇ ಹೋಗಬೇಕು. ಎಲ್ಲ ಅಂಕಿಗಳನ್ನೂ ತುಂಬಿಟ್ಟ ಚೌಕದಲ್ಲಿ ಈ ಜೋಡಿಯನ್ನು ಹುಡುಕಿ ತೆಗೆಯುವುದು ಕಷ್ಟ.

ಇಷ್ಟಾದರೂ ಬಗೆಹರಿಯದಿದ್ದರೆ ಉಳಿದ ಮನೆಗಳಿಗೆ ಪೂರ್ತಿ ಪಟ್ಟಿ ಬರೆದು ಎಕ್ಸ್-ವಿಂಗ್ (ಎರಡು ಅಡ್ಡಸಾಲು, ಎರಡು ಕಂಬಸಾಲುಗಳು ಸೇರುವ ನಾಲ್ಕು ಮನೆಗಳಲ್ಲಿ ಒಂದೇ ಅಂಕಿ ಕಟ್ಟುವ ಆಯತ) ಹುಡುಕುತ್ತೇನೆ. ಮೂರನೆಯ ಮತ್ತು ಎಂಟನೆಯ ಅಡ್ಡಸಾಲುಗಳೆರಡರಲ್ಲೂ 4 ಬರಬಹುದಾದ ಸ್ಥಳಗಳು ಎರಡನೆಯ ಮತ್ತು ಒಂಬತ್ತನೆಯ ಕಂಬಸಾಲುಗಳು ಮಾತ್ರ ಆಗಿದ್ದರೆ, ಆ ಕಂಬಸಾಲುಗಳ ಬೇರೆ ಯಾವ ಮನೆಯಲ್ಲೂ 4 ಬರುವಂತಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಆಡುವಾಗಲೂ ಸಾಧ್ಯ ಅಂಕಿಗಳನ್ನು ತಾನಾಗಿಯೇ ತುಂಬಿಕೊಡುವ ಸೌಲಭ್ಯವನ್ನು ನಾನು ಆಫ್ ಮಾಡಿಯೇ ಇಡುತ್ತೇನೆ.